ಬೀಗ ಬಿದ್ದ ರಂಗಮಂದಿರ: ಮಾರ್ಕ್ ಬ್ಲಿಟ್ಜ್‌ಸ್ಟೈನ್‌ನ ಒಂದು ಇರುಳು

ಅಮೆರಿಕದ ಸಂಗೀತರಂಗಭೂಮಿಯ ಚರಿತ್ರೆಯಲ್ಲಿ 1937ರ ಜೂನ್ 16ರ ಇರುಳು ಮರೆಯಲಾಗದ್ದು. ಅಂದು ನ್ಯೂಯಾರ್ಕಿನಲ್ಲಿ ಮಾರ್ಕ್ ಬ್ಲಿಟ್ಜ್‌ಸ್ಟೈನ್‌ನ ‘ದ ಕ್ರೇಡಲ್ ವಿಲ್ ರಾಕ್’ ಎಂಬ ಗೀತನಾಟಕವು ರಂಗವನ್ನೇರಬೇಕಿತ್ತು. ಉಕ್ಕಿನ ಊರೊಂದರ ಒಡೆಯನು ಪತ್ರಿಕೆ, ಧರ್ಮಪೀಠ, ಕಲೆಗಳನ್ನು ಕೊಂಡುಕೊಳ್ಳುವುದೂ ಕಾರ್ಮಿಕರು ಸಂಘಟಿತರಾಗಿ ಅವನನ್ನು ಎದುರಿಸುವುದೂ ಅದರ ವಸ್ತು.

1905ರಲ್ಲಿ ಫಿಲಡೆಲ್ಫಿಯಾದ ಸಿರಿವಂತ ಯಹೂದಿ ಮನೆತನದಲ್ಲಿ ಜನಿಸಿದ ಬ್ಲಿಟ್ಜ್‌ಸ್ಟೈನ್, ಪ್ಯಾರಿಸ್ಸಿನಲ್ಲಿ ನಾಡಿಯಾ ಬುಲಾಂಜೆ, ಬರ್ಲಿನ್ನಿನಲ್ಲಿ ಷೋನ್‌ಬರ್ಗ್ ಇವರಲ್ಲಿ ಅಭ್ಯಾಸ ಮಾಡಿದವನು. ಪಂಡಿತರಿಗಷ್ಟೇ ನಿಲುಕುವ ಸಂಗೀತದಿಂದ ಹೊರಟು ಬೀದಿಯ ಮಾತಿನ ಲಯವನ್ನು ಹಾಡಾಗಿಸುವ ಕಲೆಗೆ ಬಂದದ್ದು ಅವನ ಬೆಳವಣಿಗೆಯ ಮುಖ್ಯ ತಿರುವು.

ನಿರುದ್ಯೋಗಿ ಕಲಾವಿದರಿಗಾಗಿ ಸರಕಾರವೇ ಸ್ಥಾಪಿಸಿದ್ದ ಫೆಡರಲ್ ಥಿಯೇಟರ್ ಯೋಜನೆಯು ಈ ನಾಟಕದ ನಿರ್ಮಾಪಕ. ಆರ್ಸನ್ ವೆಲ್ಸ್ ನಿರ್ದೇಶಕ. ಪ್ರದರ್ಶನಕ್ಕೆ ಕೆಲವೇ ದಿನಗಳಿರುವಾಗ, ಅನುದಾನ ಕಡಿತದ ನೆಪದಲ್ಲಿ, ಜುಲೈ 1ರವರೆಗೆ ಯಾವ ಹೊಸ ನಾಟಕವೂ ಆರಂಭವಾಗಕೂಡದೆಂಬ ಆಜ್ಞೆ ಹೊರಟಿತು. ಮ್ಯಾಕ್ಸಿನ್ ಎಲಿಯಟ್ ರಂಗಮಂದಿರಕ್ಕೆ ಬೀಗ ಬಿದ್ದಿತು. ರಂಗಸಜ್ಜಿಕೆ, ಉಡುಪುಗಳು ಸರಕಾರದ ಸೊತ್ತಾದವು. ಕಾರ್ಮಿಕ ಸಂಘಟನೆಯನ್ನು ಕೊಂಡಾಡುವ ಕೃತಿಗೆ ಕಲಾವಿದರ ಸಂಘಗಳ ನಿಯಮಗಳೇ ಅಡ್ಡ ಬಂದವು: ನಟರು ವೇದಿಕೆ ಏರುವಂತಿಲ್ಲ, ವಾದ್ಯವೃಂದ ನುಡಿಸುವಂತಿಲ್ಲ.

ಪ್ರೇಕ್ಷಕರೂ ಕಲಾವಿದರೂ ಉತ್ತರದಿಕ್ಕಿನ ವೆನಿಸ್ ರಂಗಮಂದಿರಕ್ಕೆ ನಡೆದರು. ಬರಿದಾದ ವೇದಿಕೆಯ ಮೇಲೆ ಬ್ಲಿಟ್ಜ್‌ಸ್ಟೈನ್ ಒಬ್ಬನೇ ಪಿಯಾನೊ ಮುಂದೆ ಕುಳಿತು, ಎಲ್ಲ ಪಾತ್ರಗಳನ್ನೂ ತಾನೇ ಹಾಡಲು ಸಿದ್ಧನಾಗಿ ಆರಂಭಿಸಿದನು. ಆಗ ಪ್ರೇಕ್ಷಕರ ನಡುವಿನಿಂದ ಆಲಿವ್ ಸ್ಟ್ಯಾಂಟನ್ ಎಂಬ ನಟಿ ಎದ್ದು ತನ್ನ ಹಾಡನ್ನು ಎತ್ತಿಕೊಂಡಳು. ಆಕೆಯ ಜೀವನೋಪಾಯವೂ ಅದೇ ಸರಕಾರಿ ಯೋಜನೆಯ ವೇತನವಾಗಿತ್ತು. ಅನಂತರ ಒಬ್ಬೊಬ್ಬರಾಗಿ ಇತರ ನಟರೂ ಇದ್ದ ಸ್ಥಳದಿಂದಲೇ ದನಿಗೂಡಿಸಿದರು. ವೇದಿಕೆ ಏರದೆಯೇ ನಾಟಕ ನಡೆಯಿತು. ನಿಯಮದ ಅಕ್ಷರವೂ ಉಳಿಯಿತು.

ಆದರೆ ಈ ಗೆಲುವಿಗೊಂದು ಬೆಲೆಯಿತ್ತು. 1938ರ ಪ್ರದರ್ಶನಗಳೂ, 1939ರಲ್ಲಿ ಹಾರ್ವರ್ಡಿನಲ್ಲಿ ವಿದ್ಯಾರ್ಥಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಆಡಿಸಿದ ಪ್ರಯೋಗವೂ ಪಿಯಾನೊ ಒಂದನ್ನೇ ಉಳಿಸಿಕೊಂಡವು. ಅನಿವಾರ್ಯತೆಯೇ ಸಂಪ್ರದಾಯವಾಯಿತು. ಬ್ಲಿಟ್ಜ್‌ಸ್ಟೈನ್ ರಚಿಸಿದ್ದ ವಾದ್ಯವೃಂದದ ಸಂಗೀತವನ್ನು ಜನ ಕೇಳಿದ್ದು 1947ರಲ್ಲಿ. 1949ರ ಅವನ ‘ರೆಜಿನಾ’ ಆಪೆರಾ ಬ್ರಾಡ್‌ವೇಯಲ್ಲಿ ಎರಡು ತಿಂಗಳೂ ಬಾಳಲಿಲ್ಲ. ದೀರ್ಘಕಾಲ ಮನ್ನಣೆ ಪಡೆದದ್ದು ಬ್ರೆಕ್ಟ್–ವೈಲ್‌ರ ‘ತ್ರೀಪೆನಿ ಆಪೆರಾ’ಕ್ಕೆ ಅವನು ಮಾಡಿದ ಇಂಗ್ಲಿಷ್ ರೂಪಾಂತರ. ಸ್ಯಾಕೊ–ವ್ಯಾಂಜೆಟ್ಟಿಯರನ್ನು ಕುರಿತ ಆಪೆರಾವನ್ನು ಮುಗಿಸುವ ಮೊದಲೇ, 1964ರಲ್ಲಿ, ಅವನು ತೀರಿಕೊಂಡನು. ಆ ಇರುಳಿನ ಘಟನೆಯನ್ನು ಚರಿತ್ರೆ ನೆನಪಿಟ್ಟುಕೊಂಡಿತು. ಆ ಘಟನೆಯ ಪ್ರಭೆಯಲ್ಲಿ ವಾಗ್ಗೇಯಕಾರನೇ ಮಸುಕಾದನು.