ಹಾಸಿಗೆ ಇದ್ದಷ್ಟು ಕಾಲು ಚಾಚುವ ತಂತ್ರಾಂಶ

ಊರಿನಿಂದ ದೂರವಿರುವ ನಮ್ಮಂಥವರಿಗೆ ವಿಡಿಯೊ ಕರೆ ಈಗ ನಿತ್ಯದ ಸಂಗತಿ. ಅತ್ತಲಿನ ಸಂಪರ್ಕ ಕುಂದಿದಾಗ ತಾಯಿಯ ಮುಖ ಮಸುಕಾಗುತ್ತದೆ, ಕೆಲವೊಮ್ಮೆ ಚಿತ್ರವೇ ನಿಂತುಬಿಡುತ್ತದೆ. ಆದರೂ ‘ಊಟ ಆಯ್ತಾ?’ ಎಂಬ ದನಿ ಕೇಳುತ್ತಲೇ ಇರುತ್ತದೆ. ಚಿತ್ರವನ್ನು ಬಿಟ್ಟುಕೊಟ್ಟು ದನಿಯನ್ನು ಉಳಿಸಿಕೊಳ್ಳುವ ಈ ವಿವೇಕ ತಂತ್ರಾಂಶಕ್ಕೆ ಹುಟ್ಟಿನಿಂದ ಬಂದದ್ದಲ್ಲ. ಪೆಟ್ಟು ತಿಂದು ಕಲಿತದ್ದು.

ಹಳೆಯ ದೂರವಾಣಿ ಜಾಲದಲ್ಲಿ ಒಂದು ಕರೆಗೆ ಸಿಕ್ಕ ದಾರಿ ಆ ಕರೆ ಮುಗಿಯುವವರೆಗೂ ಅದಕ್ಕೇ ಮೀಸಲು. ಅಂತರಜಾಲದ ರೀತಿ ಬೇರೆ. ಇಲ್ಲಿ ದತ್ತಾಂಶ ಪುಟ್ಟ ಪೊಟ್ಟಣಗಳಾಗಿ ಎಲ್ಲರ ಹಾದಿಯಲ್ಲಿ ಸಾಗುತ್ತದೆ, ತಲುಪುವ ಭರವಸೆಯಿಲ್ಲ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜಗಳ ಅಂತರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್‌ಗಳಷ್ಟಿದ್ದ ವೇಗ 40 ಬಿಟ್‌ಗೆ ಕುಸಿಯಿತು. ಹಾದಿ ತುಂಬಿದ್ದರೂ ಯಂತ್ರಗಳು ಕಳೆದುಹೋದ ಪೊಟ್ಟಣಗಳನ್ನು ಮತ್ತೆ ಮತ್ತೆ ಕಳಿಸುತ್ತಿದ್ದವು. ಪೊಟ್ಟಣ ಕಳೆದರೆ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ಕಳಿಸುವ ಯಂತ್ರವೇ ವೇಗ ತಗ್ಗಿಸಬೇಕೆಂದು 1988ರ ಪ್ರಬಂಧದಲ್ಲಿ ವ್ಯಾನ್ ಜೇಕಬ್ಸನ್ ತೋರಿಸಿಕೊಟ್ಟರು.

ಪತ್ರಕ್ಕೂ ಕಡತಕ್ಕೂ ಇಷ್ಟು ಸಾಕು. ತುಸು ತಡವಾದರೆ ನಷ್ಟವಿಲ್ಲ. ಮಾತಿನ ಸ್ಥಿತಿ ಹಾಗಲ್ಲ. ತಡವಾಗಿ ಬಂದ ಪದ ಬಾರದ ಪದಕ್ಕೆ ಸಮ. 1992ರ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೊದಲ್ಲಿ ನಡೆದ ಅಂತರಜಾಲ ತಂತ್ರಜ್ಞರ ಸಭೆಯ ಧ್ವನಿ ಮೂರು ಖಂಡಗಳ 20 ಸ್ಥಳಗಳಿಗೆ ಪ್ರಸಾರವಾಯಿತು. ಆ ಕಾಲದಲ್ಲೇ ಜೇಕಬ್ಸನ್ ಮತ್ತು ಸ್ಟೀವನ್ ಮೆಕ್ಯಾನ್ ರೂಪಿಸಿದ ‘ವ್ಯಾಟ್’ ತಂತ್ರಾಂಶ ಏರುಪೇರಾಗಿ ಬರುವ ಪೊಟ್ಟಣಗಳನ್ನು ಕ್ಷಣಕಾಲ ತಡೆದಿಟ್ಟು ಸಮಗತಿಯಲ್ಲಿ ನುಡಿಸುತ್ತಿತ್ತು; ಏರುಪೇರು ಹೆಚ್ಚಿದಂತೆ ತಡೆಯನ್ನೂ ಹೆಚ್ಚಿಸುತ್ತಿತ್ತು. 1994ರ ಹೊತ್ತಿಗೆ ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಬೋಲೋ ಮತ್ತು ಟರ್ಲೆಟಿ ಇನ್ನೊಂದು ಹೆಜ್ಜೆ ಇಟ್ಟರು. ಎಷ್ಟು ಪೊಟ್ಟಣ ಕಳೆದವೆಂದು ನೋಡುವವರ ಯಂತ್ರವೇ ವರದಿ ಮಾಡುತ್ತಿತ್ತು. ಅದಕ್ಕೆ ತಕ್ಕಂತೆ ಕಳಿಸುವ ಯಂತ್ರ ಚಿತ್ರದ ಗುಣಮಟ್ಟವನ್ನು ಇಳಿಸುತ್ತಿತ್ತು ಅಥವಾ ಏರಿಸುತ್ತಿತ್ತು. 1996ರಲ್ಲಿ ಪ್ರಕಟವಾದ ಆರ್‌ಟಿಪಿ ಮಾನಕದಲ್ಲಿ ಇಂಥ ವರದಿಗೆ ಸ್ಥಾನ ದೊರೆಯಿತು.

ಆಗ ಎದುರಿಗೆ ಇನ್ನೊಂದು ದಾರಿಯೂ ಇತ್ತು. ರೈಲಿನಲ್ಲಿ ಸೀಟು ಕಾಯ್ದಿರಿಸುವಂತೆ ಜಾಲದಲ್ಲಿ ದಾರಿಯನ್ನೇ ಕಾಯ್ದಿರಿಸುವ ಆರ್‌ಎಸ್‌ವಿಪಿ ವಿಧಾನ 1997ರಲ್ಲಿ ಮಾನಕವಾಯಿತು. ಆದರೆ ಹಾದಿಯುದ್ದಕ್ಕೂ ಇರುವ ಪ್ರತಿ ಯಂತ್ರವೂ ಪ್ರತಿ ಕರೆಯ ಲೆಕ್ಕವಿಡುವುದು ವಿಶಾಲ ಜಾಲದಲ್ಲಿ ಕಷ್ಟವಾಯಿತು. ಸಾರ್ವಜನಿಕ ಅಂತರಜಾಲದಲ್ಲಿ ಗೆದ್ದದ್ದು ಸಾಮಾನ್ಯ ಬೋಗಿಯ ರೀತಿ: ತುಸು ಜರುಗಿ ಕುಳಿತರೆ ಇನ್ನೊಬ್ಬರಿಗೂ ಜಾಗ.

ಮುಂದೆ ಜರುಗುವ ಹೊಣೆ ನೋಡುವವರ ಯಂತ್ರಕ್ಕೆ ಬಂತು. 2009ರ ಆ್ಯಪಲ್‌ನ ಎಚ್‌ಎಲ್‌ಎಸ್ ಮತ್ತು 2012ರ ಡ್ಯಾಶ್ ಮಾನಕಗಳಲ್ಲಿ ಒಂದೇ ಚಿತ್ರ ಹಲವು ಗುಣಮಟ್ಟಗಳಲ್ಲಿ, ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಸಿದ್ಧವಿರುತ್ತದೆ. ಮುಂದಿನ ತುಣುಕು ಯಾವುದಿರಬೇಕೆಂದು ನಮ್ಮ ಫೋನೇ ಆರಿಸುತ್ತದೆ. 2020ರ ಮಾರ್ಚ್‌ನಲ್ಲಿ ಜನರೆಲ್ಲ ಮನೆ ಸೇರಿದಾಗ ನೆಟ್‌ಫ್ಲಿಕ್ಸ್ ಯುರೋಪಿನಲ್ಲಿ 30 ದಿನಗಳ ಮಟ್ಟಿಗೆ ತನ್ನ ಬಿಟ್ ದರವನ್ನು ತಗ್ಗಿಸಲು ಒಪ್ಪಿತು.

ಈ ವ್ಯವಸ್ಥೆಗೂ ಕುಂದುಗಳಿವೆ. ತಗ್ಗದ ತಂತ್ರಾಂಶವೊಂದು ನುಗ್ಗಿದರೆ ತಗ್ಗುವವು ಸೊರಗುತ್ತವೆ. ಬಡ ಸಂಪರ್ಕದವರಿಗೆ ಸದಾ ಮಸುಕು ಚಿತ್ರವೇ ಗತಿ. ಅವರ ಹಾಸಿಗೆಯನ್ನು ಉದ್ದ ಮಾಡುವ ಕೆಲಸ ತಂತ್ರಾಂಶದ್ದಲ್ಲ, ನಮ್ಮೆಲ್ಲರದು. ಆದರೂ ದಾರಿ ಕಾಯ್ದಿರಿಸಲು ಶಕ್ತರಾದವರಿಗಷ್ಟೇ ಮಾತು ದಕ್ಕುವಂತಾಗಿದ್ದರೆ ನಮ್ಮ ಎಷ್ಟೋ ಹಳ್ಳಿಮನೆಗಳು ಮೌನವಾಗಿರುತ್ತಿದ್ದವು. ಮುಂದಿನ ಸಲ ತೆರೆಯ ಮೇಲೆ ಅಮ್ಮನ ಮುಖ ಮಸುಕಾದಾಗ ನಾವು ಸಿಡುಕದಿರೋಣ. ಅವರ ಮಾತು ಕಡಿಯದಿರಲೆಂದೇ ಚಿತ್ರ ತುಸು ಜರುಗಿ ಕುಳಿತಿರುತ್ತದೆ.