ಖಾಲಿ ಬೀದಿಯ ಚೌಕಟ್ಟು: ಲಾಕ್‌ಡೌನ್ ಕಾಲದ ಬೆಂಗಳೂರಿನ ಛಾಯಾಚಿತ್ರಗಳನ್ನು ಓದುವ ಬಗೆ

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದ ಬೆನ್ನಲ್ಲೇ ಎಂ.ಜಿ. ರಸ್ತೆ, ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆಯ ಖಾಲಿ ಚಿತ್ರಗಳು ಪತ್ರಿಕೆಗಳಲ್ಲೂ ಮೊಬೈಲುಗಳಲ್ಲೂ ಹರಿದಾಡಿದವು. ನಗರ ಬರಿದಾಗಿತ್ತೆನ್ನುವುದಕ್ಕೆ ಅವನ್ನೇ ಸಾಕ್ಷಿಯಾಗಿ ಮುಂದಿಡುವುದು ಈಗ ರೂಢಿಯಾಗಿದೆ. ಆ ಖಾಲಿತನದಲ್ಲಿ ಸರ್ಕಾರದ ಆದೇಶಕ್ಕೆ ಸೇರಿದ್ದು ಒಂದು ಪಾಲು ಮಾತ್ರ. ಕ್ಯಾಮೆರಾ ನಿಂತ ಜಾಗಕ್ಕೆ, ಗುಂಡಿ ಒತ್ತಿದ ಹೊತ್ತಿಗೆ ಸೇರಿದ್ದು ಇನ್ನೊಂದು ಪಾಲು ಎಂಬುದು ಈ ಲೇಖನದ ವಾದ.

ಖಾಲಿ ಬೀದಿ ಛಾಯಾಗ್ರಹಣಕ್ಕೆ ಹೊಸದಲ್ಲ. ಡಾಗೇರ್ 1838ರಲ್ಲಿ ತೆಗೆದ ಪ್ಯಾರಿಸ್ಸಿನ ಬುಲೆವಾರ್ಡ್ ದು ತಾಂಪ್ಲ್ ಚಿತ್ರದಲ್ಲಿ ಓಡಾಡುತ್ತಿದ್ದ ಜನ, ಗಾಡಿಗಳು ಮೂಡಲೇ ಇಲ್ಲ. ಫಲಕಕ್ಕೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಮಾತ್ರ ಕಣ್ಣಿಗೆ ಬೀಳುವಂತೆ ಉಳಿದ. 2020ರ ಕ್ಯಾಮೆರಾಕ್ಕೆ ಈ ಮಿತಿ ಇರಲಿಲ್ಲ. ಓಡುವ ನಾಯಿಯನ್ನೂ ಅದು ಹಿಡಿಯಬಲ್ಲದು. ಆದ್ದರಿಂದ ಅದರ ಚಿತ್ರದಲ್ಲಿ ಜನರಿಲ್ಲದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಮೇಲ್ಸೇತುವೆಯ ಚಿತ್ರಗಳನ್ನೇ ನೋಡೋಣ. ಲಾಕ್‌ಡೌನ್ ಶುರುವಾದಾಗ ನಗರದ ಹಲವು ಮೇಲ್ಸೇತುವೆಗಳನ್ನು ಪೊಲೀಸರು ಬ್ಯಾರಿಕೇಡ್ ಹಾಕಿ ಮುಚ್ಚಿದ್ದರು. ಅಲ್ಲಿನ ಖಾಲಿ ಡಾಂಬರು ಆ ತಡೆಯನ್ನು ತೋರಿಸುತ್ತದೆಯೇ ಹೊರತು ಕೆಳಗಿನ ರಸ್ತೆಯಲ್ಲಿ ತರಕಾರಿಗೋ ಔಷಧಿಗೋ ಹೊರಟವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಡ್ರೋನ್ ಚಿತ್ರಗಳದ್ದು ಇನ್ನೊಂದು ಕಥೆ: ನೂರು ಮೀಟರ್ ಎತ್ತರದಿಂದ ನೋಡಿದರೆ ಮರದ ನೆರಳಲ್ಲಿ ಕೂತ ಕಾವಲುಗಾರ ಒಂದು ಚುಕ್ಕೆಯೂ ಅಲ್ಲ.

ಬೆಳಗಿನ ಚಿತ್ರಗಳಲ್ಲಿ ನೆಲವನ್ನೂ ಗಮನಿಸಬೇಕು. ಏಪ್ರಿಲ್-ಮೇ ತಿಂಗಳುಗಳಲ್ಲಿ ಬೆಂಗಳೂರಿನ ರಸ್ತೆಗಳ ಮೇಲೆ ಗುಲ್‌ಮೊಹರ್ ಎಸಳು ಸುರಿಯುತ್ತವೆ. ಅವು ರಸ್ತೆಯ ತುಂಬ ಹರಡಿರದೆ ಅಂಚಿನಲ್ಲಿ ಗುಡ್ಡೆಯಾಗಿದ್ದರೆ, ಪಕ್ಕದಲ್ಲಿ ಕಡ್ಡಿಪೊರಕೆಯ ಗೀರುಗಳಿದ್ದರೆ, ಪೌರಕಾರ್ಮಿಕರು ಆಗಷ್ಟೇ ಅಲ್ಲಿಂದ ದಾಟಿಹೋಗಿದ್ದಾರೆ. ಸೋಂಕಿನ ಭಯದ ನಡುವೆಯೂ ಒಂದು ದಿನ ಬಿಡದೆ ಬೀದಿಗಿಳಿದವರು ಅವರು. ನಿಶ್ಶಬ್ದ ನಗರದ ಸೊಬಗೆಂದು ನಾವು ಮೆಚ್ಚಿದ್ದರಲ್ಲಿ ಅವರ ಕೈಕೆಲಸವಿತ್ತು. ಆ ಸೊಬಗನ್ನು ಹೊಗಳಿದ ಬರಹಗಳಲ್ಲಿ ಅವರ ಪ್ರಸ್ತಾಪವೇ ಇಲ್ಲದಿರುವುದು ನನಗೆ ನೋವಿನ ಸಂಗತಿ.

2020ರ ಮೇ ಮೊದಲ ವಾರದಲ್ಲಿ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನು ಕೆಲದಿನ ನಿಲ್ಲಿಸಿತು. ಊರು ಸೇರಲು ಹಲವರು ನಡೆದೇ ಹೊರಟರು. ಗಂಟುಮೂಟೆ ಹೊತ್ತವರ ಚಿತ್ರಗಳೂ ಖಾಲಿ ರಸ್ತೆಗಳ ಚಿತ್ರಗಳೂ ಒಂದೇ ನಗರದವು, ಒಂದೇ ಕಾಲದವು. ಇವನ್ನು ‘ಸಂಕಟ’, ‘ಮೌನ’ ಎಂದು ಬೇರೆ ಬೇರೆ ಸಂಪುಟಗಳಾಗಿ ವಿಂಗಡಿಸಿಡುವ ಪದ್ಧತಿಯನ್ನು ನಾನು ಒಪ್ಪಲಾರೆ.

ಹೊತ್ತಿನ ವಿವರವಿಲ್ಲದೆ ಈ ಓದು ಸಾಗದು. 2021ರ ಏಪ್ರಿಲ್ ಕೊನೆಯಿಂದ ರಾಜ್ಯದಲ್ಲಿ ಅಗತ್ಯ ವಸ್ತುಗಳ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಅವಕಾಶವಿತ್ತು. ಒಂದೇ ಪೇಟೆಬೀದಿ ಒಂಬತ್ತೂವರೆಗೆ ಗಿಜಿಗುಟ್ಟಿ ಹನ್ನೊಂದಕ್ಕೆ ಬಿಕೋ ಎನ್ನುವುದು ಸಾಧ್ಯವಿತ್ತು. ಡಿಜಿಟಲ್ ಕಡತದಲ್ಲಿ ಗಂಟೆ-ನಿಮಿಷ ದಾಖಲಾಗಿರುತ್ತದೆ; ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದೊಡನೆ ಅದು ಅಳಿಸಿಹೋಗುತ್ತದೆ. ಸಂಗ್ರಹಾಲಯಗಳು ಛಾಯಾಗ್ರಾಹಕರಿಂದ ಮೂಲ ಕಡತವನ್ನೇ ಕೇಳಿ ಪಡೆಯಬೇಕು. ಅಚ್ಚಾದ ಚಿತ್ರದ ಜೊತೆಗೆ ಅದರ ಹಿಂದೆ ಮುಂದೆ ತೆಗೆದ, ಯಾರೋ ನಡುವೆ ಹಾದುಹೋದರೆಂದು ಪಕ್ಕಕ್ಕಿಟ್ಟ ಚಿತ್ರಗಳನ್ನೂ ಪಡೆಯಬೇಕು.