ನೀರು ಮತ್ತು ನೈರ್ಮಲ್ಯ ನಾಯಕತ್ವದಲ್ಲಿ ಒಳಗೊಳ್ಳುವಿಕೆ: ಚರಿತ್ರೆ

ನೀರು ಪೂರೈಕೆ, ಒಳಚರಂಡಿ, ಶೌಚಾಲಯ ಇವುಗಳ ಬಗ್ಗೆ ತೀರ್ಮಾನ ಕೈಗೊಳ್ಳುವ ಸ್ಥಾನಗಳಲ್ಲಿ ಮಹಿಳೆಯರು, ದಲಿತರು, ಪೌರಕಾರ್ಮಿಕರು ಪಾಲು ಪಡೆದ, ಬಹುಕಾಲ ಪಾಲು ಸಿಗದೆ ಹೋದ ಚರಿತ್ರೆ ಇದು. ಲೋಕದ ಬಹುಭಾಗದಲ್ಲಿ ಮನೆಗೆ ನೀರು ಹೊತ್ತವರು ಹೆಂಗಸರು. ನಮ್ಮ ದೇಶದಲ್ಲಿ ಊರಿನ ಹೊಲಸು ಹೊತ್ತವರು ದಲಿತರು. ನಕ್ಷೆ, ಬಜೆಟ್ಟು, ಟೆಂಡರು ಮಾತ್ರ ಬೇರೆಯವರ ಕೈಯಲ್ಲೇ ಉಳಿದವು.

ಹಳೆಯ ಮೈಸೂರು ಸೀಮೆಯ ನೀರಗಂಟಿಯನ್ನು ನೆನೆದರೆ ಈ ಅಂತರ ಕಣ್ಣಿಗೆ ಕಟ್ಟುತ್ತದೆ. ಕೆರೆಯ ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದು ಅವನ ಕೆಲಸ. ಅನೇಕ ಊರುಗಳಲ್ಲಿ ಅವನು ದಲಿತ. ಯಾವ ಗದ್ದೆಗೆ ಎಷ್ಟು ಹೊತ್ತಿನ ನೀರು ಸಾಕು ಎಂಬುದು ಅವನಿಗೆ ಕರತಲಾಮಲಕವಾಗಿದ್ದರೂ ಸವರ್ಣೀಯರ ಬಾವಿಯಿಂದ ಒಂದು ಬಿಂದಿಗೆ ಸೇದಿಕೊಳ್ಳುವ ಹಕ್ಕು ಅವನಿಗಿರಲಿಲ್ಲ. 1927ರ ಮಾರ್ಚ್ 20ರಂದು ಈಗಿನ ಮಹಾರಾಷ್ಟ್ರದ ಮಹಾಡಿನಲ್ಲಿ ದಲಿತರಿಗೆ ನಿಷಿದ್ಧವಾಗಿದ್ದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ ಅಂಬೇಡ್ಕರರು ಪ್ರಶ್ನಿಸಿದ್ದು ಇದೇ ವ್ಯವಸ್ಥೆಯನ್ನು.

ಅಮೆರಿಕದಲ್ಲಿ ಹೆಂಗಸರಿಗೆ ಬಾಗಿಲು ಬೇರೆ ಬಗೆಯಲ್ಲಿ ಮುಚ್ಚಿತ್ತು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೊದಲ ವಿದ್ಯಾರ್ಥಿನಿ ಎಲೆನ್ ಸ್ವಾಲೋ ರಿಚರ್ಡ್ಸ್ 1887ರಿಂದ ಆ ರಾಜ್ಯದ ನೀರಿನ ಸಾವಿರಾರು ಮಾದರಿಗಳ ಪರೀಕ್ಷೆ ನಡೆಸಿದರು. ನೀರಿನಲ್ಲಿ ಸಹಜವಾಗಿ ಇರಬೇಕಾದ ಕ್ಲೋರೈಡ್ ಎಷ್ಟೆಂದು ಊರೂರಿಗೆ ಗುರುತಿಸಿ, ಅದಕ್ಕಿಂತ ಹೆಚ್ಚಿದ್ದರೆ ಕೊಳಚೆ ಸೇರಿದೆ ಎಂದು ತಿಳಿಯುವ ನಕ್ಷೆ ತಯಾರಿಸಿದರು. ಅಷ್ಟಾದರೂ ಆ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಹುದ್ದೆ ಅವರಿಗೆ ಕೊನೆಯವರೆಗೂ ಸಿಗಲಿಲ್ಲ.

ನೀರಿನ ತೀರ್ಮಾನ ಯಾರ ಕೈಯಲ್ಲಿ ಎಂಬ ಮಾತು ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಎದ್ದದ್ದು ತಡವಾಗಿ. 1977ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾತಾದಲ್ಲಿ ವಿಶ್ವಸಂಸ್ಥೆಯ ಮೊದಲ ಜಲ ಸಮ್ಮೇಳನ ನಡೆಯಿತು. ಅದರ ಫಲವಾಗಿ 1981ರಿಂದ 1990ರವರೆಗಿನ ಅವಧಿಯನ್ನು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕವೆಂದು ಸಾರಲಾಯಿತು. ದಶಕದ ಆರಂಭದಲ್ಲಿ ಲೆಕ್ಕಕ್ಕೆ ಬಂದದ್ದು ಹೆಚ್ಚಾಗಿ ಕೊಳವೆ, ಪಂಪು, ಬಾವಿಗಳೇ.

ಆ ಲೆಕ್ಕದಲ್ಲಿ ಏನು ತಪ್ಪಿಹೋಗಿತ್ತು ಎಂಬುದಕ್ಕೆ ನಮ್ಮ ಊರುಗಳ ಕೈಪಂಪೇ ಸಾಕ್ಷಿ. ಯುನಿಸೆಫ್ ನೆರವಿನಿಂದ ರೂಪುಗೊಂಡ ಇಂಡಿಯಾ ಮಾರ್ಕ್ 2 ಗಟ್ಟಿಮುಟ್ಟಾದ ಪಂಪು, ಅದರಲ್ಲಿ ಅನುಮಾನವಿಲ್ಲ. ಆದರೆ ಒಳಗಿನ ವಾಷರು ಸವೆದರೆ ಬೋರ್‌ವೆಲ್‌ನ ಪೈಪುಗಳನ್ನೆಲ್ಲ ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ಭಾರದ ಸಲಕರಣೆ ಬೇಕು, ನಾಲ್ಕಾರು ಆಳು ಬೇಕು, ಹೊರಗಿನಿಂದ ರಿಪೇರಿ ತಂಡ ಬರಬೇಕು. ಅದು ಬರುವ ತನಕ ಊರಿನ ಹೆಂಗಸರು ಕೊಡ ಎತ್ತಿಕೊಂಡು ದೂರದ ಬಾವಿಗೆ ನಡೆಯಬೇಕು. ಆಮೇಲೆ ಬಂದ ಮಾರ್ಕ್ 3ರಲ್ಲಿ ಪೈಪನ್ನು ಅಗಲ ಮಾಡಿದರು. ಪೈಪು ಇದ್ದಲ್ಲೇ ಇರುವಂತೆ ಪಿಸ್ಟನ್ನನ್ನಷ್ಟೇ ಸರಳಿನೊಂದಿಗೆ ಮೇಲಕ್ಕೆಳೆದು ವಾಷರು ಬದಲಿಸಬಹುದಾಯಿತು. ರಿಪೇರಿ ಯಾರು ಮಾಡುತ್ತಾರೆ ಎಂದು ಕೇಳಿಕೊಂಡಾಗ ಯಂತ್ರದ ರೂಪವೇ ಬದಲಾಗುತ್ತದೆ. 1990ರ ದಶಕದ ಆರಂಭದಲ್ಲಿ ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ ಮಹಿಳಾ ಸಮಾಖ್ಯಾ ಕಾರ್ಯಕ್ರಮದಡಿ ಬಡ ಹೆಂಗಸರು, ಅವರಲ್ಲಿ ಅನೇಕರು ದಲಿತರು, ಸ್ಪ್ಯಾನರು ಹಿಡಿದು ಪಂಪು ಬಿಚ್ಚಲು ಕಲಿತರು. ಅವರ ಕೈ ನೀರಿಗೆ ತಾಗಬಾರದು ಎನ್ನುತ್ತಿದ್ದ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

1992ರ ಜನವರಿಯಲ್ಲಿ ಡಬ್ಲಿನ್ ಸಮ್ಮೇಳನ ಒಪ್ಪಿದ ನಾಲ್ಕು ತತ್ವಗಳಲ್ಲಿ ಮೂರನೆಯದು, ನೀರಿನ ಪೂರೈಕೆ, ನಿರ್ವಹಣೆ, ರಕ್ಷಣೆಗಳಲ್ಲಿ ಮಹಿಳೆಯರ ಪಾತ್ರವೇ ಕೇಂದ್ರ ಎಂದಿತು. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕೆಂದು ಮಾನ್ಯ ಮಾಡಿತು. 122 ದೇಶಗಳು ಪರವಾಗಿ ನಿಂತವು, 41 ತಟಸ್ಥವಾದವು. ಕಾಗದದ ಮೇಲಿನ ಈ ಮಾತುಗಳು ಕಚೇರಿಯ ಕುರ್ಚಿಗಳವರೆಗೆ ತಲುಪಿದ್ದು ಕಡಿಮೆ. ವಿಶ್ವಬ್ಯಾಂಕ್ 2019ರಲ್ಲಿ 28 ದೇಶಗಳ 64 ನೀರು ಸರಬರಾಜು ಸಂಸ್ಥೆಗಳನ್ನು ನೋಡಿದಾಗ ನೌಕರರಲ್ಲಿ ಮಹಿಳೆಯರು ಐವರಿಗೆ ಒಬ್ಬರೂ ಇರಲಿಲ್ಲ.

ಜಾತಿಯಂತೂ ಈ ಜಾಗತಿಕ ಮಾತುಕತೆಯ ಹೊರಗೇ ಬಹುಕಾಲ ಉಳಿಯಿತು. ಶೌಚಾಲಯ ಎಷ್ಟು ಕಟ್ಟಿದರು ಎಂದು ಎಣಿಸಿದವರು ಅದರ ಗುಂಡಿಗೆ ಇಳಿದವರನ್ನು ಎಣಿಸಲಿಲ್ಲ. ಕರ್ನಾಟಕ ಇಲ್ಲಿ ಮುಂದೆ ಹೆಜ್ಜೆ ಇಟ್ಟದ್ದಕ್ಕೆ ಕಾರಣ ಕುರ್ಚಿಯಲ್ಲಿ ಕುಳಿತವರು ಯಾರು ಎಂಬುದೇ. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಪೌರಕಾರ್ಮಿಕರ ಬದುಕು, ದುಡಿಮೆಗಳ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಮಲ ಹೊರುವುದನ್ನು ನಿಷೇಧಿಸುವ ಕಾಯ್ದೆ ದೇಶಕ್ಕೆ ಬಂದದ್ದು 1993ರಲ್ಲಿ.

ಕಾಯ್ದೆ ಬಂದ ಮೇಲೂ ಕೈಯಿಂದ ಮಲ ಬಾಚಬೇಕಾದ ಒಣ ಶೌಚಾಲಯಗಳು ಉಳಿದವು. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಸಂಗಾತಿಗಳೊಂದಿಗೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2003ರಲ್ಲಿ ಅವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2014ರ ಮಾರ್ಚ್ 27ರ ತೀರ್ಪು, 1993ರಿಂದೀಚೆಗೆ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2023ರಲ್ಲಿ ಕೋರ್ಟು ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. 2016ರಲ್ಲಿ ವಿಲ್ಸನ್‌ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಬ್ಯಾಂಕ್, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ವಾಟರ್‌ಏಡ್ ಸೇರಿ ನೈರ್ಮಲ್ಯ ಕಾರ್ಮಿಕರ ಆರೋಗ್ಯ, ಸುರಕ್ಷತೆ, ಘನತೆಯ ಬಗ್ಗೆ ಜಂಟಿ ವರದಿ ತಂದದ್ದು 2019ರಲ್ಲಿ, ಸಾಲಪ್ಪ ವರದಿಯಾಗಿ 43 ವರ್ಷಗಳ ನಂತರ.

2022ರ ಜುಲೈನಲ್ಲಿ ಕರ್ನಾಟಕದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ಬೆಂಗಳೂರಿನಲ್ಲಿ ಅವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಅದೇ ವರ್ಷ 11,133 ಮಂದಿಯನ್ನು ಖಾಯಂ ಮಾಡಲು ಸರ್ಕಾರ ಒಪ್ಪಿತು. ಕೆಲಸದ ವೇಳೆ ಕುಡಿಯಲು ನೀರು, ಹೋಗಲು ಒಂದು ಶೌಚಾಲಯ ಬೇಕೆಂಬುದೂ ಊರನ್ನು ಚೊಕ್ಕಟ ಮಾಡುವ ಈ ಹೆಣ್ಣುಮಕ್ಕಳ ಬಹುಕಾಲದ ಬೇಡಿಕೆ.